ಚಿಮಣಿಯ ಜಮಾಖರ್ಚು

1997ನೆಯ ಇಸವಿಯ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯು ರೂಪುಗೊಂಡಾಗ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗೆಯಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಅದರಲ್ಲಿ ಸೇರಿದುವು. ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿಯು ತಾನೇ ಒಂದು ತಾಲ್ಲೂಕಾದುದು ತೀರ ಈಚಿನ ಮಾತು. ಒಂದೇ ಜಿಲ್ಲೆಯ ಹೆಸರಿನಲ್ಲಿ ಕೂಡಿದ ಈ ಸೀಮೆಗಳಿಗೆ ಮಳೆಯಲ್ಲಾಗಲಿ ಬೆಳೆಯಲ್ಲಾಗಲಿ ಇರುವ ಸಾಮ್ಯವು ಅತ್ಯಲ್ಪವಾದುದರಿಂದ, ಅವುಗಳಿಂದ ಮೇಲೇಳುವ ಹೊಗೆಯೂ ಒಂದೇ ಬಗೆಯದಲ್ಲ. ಭದ್ರೆಯ ನಾಲೆಯ ನೀರುಂಡು ಭತ್ತ ಬೆಳೆಯುವ ಹೊನ್ನಾಳಿಯ ಕಡೆ ಅಕ್ಕಿಯ ಗಿರಣಿಗಳ ಕೊಳವೆಯಿಂದ ಹೊಟ್ಟು ಸುಟ್ಟ ಬಿಳಿಬೂದು ಹೊಗೆ ಹೊರಡುವುದು. ಚನ್ನಗಿರಿಯ ಸೂಳೆಕೆರೆಯ ಆಸುಪಾಸಿನಿಂದ ಹಿಡಿದು ನ್ಯಾಮತಿಯ ತೋಟಗಳವರೆಗೆ ಅಡಿಕೆ ಬೇಯಿಸುವ ಹಂಡೆಗಳ ಒಲೆಯ ಸೌದೆಯ ಹೊಗೆ. ಮಳೆಯನ್ನೇ ನೆಚ್ಚಿ ಮೆಕ್ಕೆಜೋಳ ಬಿತ್ತುವ ಜಗಳೂರಿನಲ್ಲಿ, ಕಾಳನ್ನು ಒಣಗಿಸುವ ಕೆಲಸವನ್ನು ಬಹುಮಟ್ಟಿಗೆ ಬಿಸಿಲಿಗೇ ಒಪ್ಪಿಸಿರುವ ಕಾರಣ, ಹೊಗೆಯೂ ಕಡಮೆ. ಇವೆಲ್ಲವುಗಳ ನಡುವೆ ಅಪರೂಪವಾಗಿ, ಆದರೆ ಲೆಕ್ಕಕ್ಕೆ ಮಾತ್ರ ಅತ್ಯಂತ ಸುಲಭವಾಗಿ ಸಿಕ್ಕುವ ಇನ್ನೊಂದು ಹೊಗೆಯುಂಟು: ಎಣ್ಣೆಯಿಂದ ಉರಿಯುವ ಬಾಯ್ಲರಿನದು.

ಈ ಲೆಕ್ಕದ ಪ್ರಸಕ್ತಿಯು ಈಗ ಬಂದುದಕ್ಕೆ ಕಾರಣವುಂಟು. ಕೇಂದ್ರ ಸರಕಾರವು 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮವನ್ನು ಸಾರಿದಾಗ, ವಾಯುವಿನ ಗುಣಮಾನವನ್ನು ಮುಟ್ಟಲಾರದ ನಗರಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳ ಜತೆಗೆ ದಾವಣಗೆರೆಯ ಹೆಸರೂ ಇದ್ದಿತು. ಒಂದು ಘನಮೀಟರು ಗಾಳಿಯಲ್ಲಿ ಹತ್ತು ಮೈಕ್ರಾನಿಗಿಂತ ಸಣ್ಣ ಧೂಳುಕಣಗಳು ವಾರ್ಷಿಕ ಸರಾಸರಿಯಲ್ಲಿ 60 ಮೈಕ್ರೋಗ್ರಾಮನ್ನು ಮೀರಕೂಡದೆಂಬುದು 2009ರಲ್ಲಿ ಪ್ರಕಟವಾದ ಮಾನ. ಮೀರಿದೆಯೆಂದು ಯಂತ್ರವು ಹೇಳಬಲ್ಲುದು. ಮೀರಿಸಿದವರು ಯಾರೆಂಬುದನ್ನು ಅದು ಹೇಳಲಾರದು. ಯಾರ ಪಾಲು ಎಷ್ಟು ಎಂದು ತಿಳಿಯಬೇಕಾದರೆ, ರಸ್ತೆಯ ಧೂಳು, ವಾಹನ, ಮಂಡಕ್ಕಿ ಭಟ್ಟಿ, ಗಿರಣಿ, ಬಾಯ್ಲರು, ಕಸ ಸುಡುವ ತಿಪ್ಪೆ, ಇವುಗಳಲ್ಲಿ ಒಂದೊಂದರ ಹೆಸರಿನಲ್ಲಿಯೂ ಖಾತೆ ತೆರೆದು ವರ್ಷಕ್ಕೆ ಇಷ್ಟು ಟನ್ನೆಂದು ಬರೆಯಬೇಕಾಗುವುದು. ನಗರದ ಗಾಳಿಗೆ ನಗರಸಭೆಯ ಗಡಿಯು ತಿಳಿಯದಾದಕಾರಣ ಆ ಖಾತೆಯು ತಾಲ್ಲೂಕುಗಳಿಗೂ ಹಬ್ಬಬೇಕು.

ಬಾಯ್ಲರೆಂದರೆ ಉಗಿಯನ್ನು ಮಾಡುವ ಯಂತ್ರ. ಹೊಟ್ಟು ಸೌದೆಗಳು ಅಗ್ಗವಾಗಿ ಸಿಕ್ಕುವ ನಾಡಿನಲ್ಲಿ ಎಣ್ಣೆಯನ್ನು ಸುಡುವ ದುಂದು ಯಾರಿಗೆ ಬೇಕೆಂದು ಕೇಳಬಹುದು. ಉತ್ತರವು ಅನುಕೂಲದಲ್ಲಿದೆ. ಗುಂಡಿಯೊತ್ತಿದ ಕೆಲವೇ ನಿಮಿಷಗಳಲ್ಲಿ ಉಗಿ ಬೇಕಾದಲ್ಲಿ, ಬೇಡವೆಂದಾಗ ಒಡನೆಯೇ ನಿಲ್ಲಬೇಕಾದಲ್ಲಿ, ಹೊಟ್ಟಿನ ರಾಶಿಗೂ ಬೂದಿಯ ಗುಡ್ಡಕ್ಕೂ ಜಾಗವಿಲ್ಲದಲ್ಲಿ, ಹಾಲು ಔಷಧಗಳಂಥ ಪದಾರ್ಥಗಳ ಬಳಿ ಬೂದಿ ಹಾರಕೂಡದಾದಲ್ಲಿ ಎಣ್ಣೆಯು ಬಂದು ಕೂರುವುದು. ಅದರಲ್ಲಿಯೂ ಎರಡು ಜಾತಿ. ಡೀಸಲ್ಲು, ಎಲ್‌ಡಿಒ ಮುಂತಾದ ಹಗುರವಾದ ಎಣ್ಣೆಗಳು ಒಂದು. ಕಚ್ಚಾ ತೈಲದಿಂದ ಪೆಟ್ರೋಲು, ಸೀಮೆಎಣ್ಣೆ, ಡೀಸಲ್ಲುಗಳನ್ನೆಲ್ಲ ಬಟ್ಟಿಯಿಳಿಸಿದ ಮೇಲೆ ತಳದಲ್ಲಿ ಉಳಿಯುವ ಕಪ್ಪು ಗಸಿಯಿಂದಾದ ಫರ್ನೇಸ್ ಆಯಿಲ್ ಇನ್ನೊಂದು. ಈ ಎರಡನೆಯದನ್ನು ಬಿಸಿ ಮಾಡದೆ ಪಂಪಿನಲ್ಲಿ ನೂಕಲೂ ಆಗದು, ಬರ್ನರಿನ ಮೂತಿಯಲ್ಲಿ ತುಂತುರಾಗಿ ಒಡೆಯಲೂ ಆಗದು. ಕಚ್ಚಾ ತೈಲದಲ್ಲಿದ್ದ ಗಂಧಕ, ಸಾರಜನಕ, ನಿಕ್ಕಲ್, ವೆನೇಡಿಯಂ ಮೊದಲಾದ ಬೇಡದ ವಸ್ತುಗಳ ದೊಡ್ಡ ಪಾಲು ಈ ಗಸಿಯಲ್ಲಿಯೇ ಶೇಖರವಾಗಿರುವುದೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಲೆಕ್ಕದ ಅರ್ಧಭಾಗವು ತಾನಾಗಿ ಬಿಡಿಸಿಕೊಳ್ಳುವುದು.

ಚಿಮಣಿಯಿಂದ ಹೊರಬೀಳುವುದನ್ನು ತಿಳಿಯಲು ಮೂರು ದಾರಿಗಳುಂಟು. ಚಿಮಣಿಯ ಮೈಗೆ ಕೊರೆದ ರಂಧ್ರದಲ್ಲಿ ನಳಿಕೆಯನ್ನು ತೂರಿಸಿ, ಒಳಗಿನ ಹೊಗೆಯು ಯಾವ ವೇಗದಿಂದ ಏರುತ್ತಿದೆಯೋ ಅದೇ ವೇಗದಿಂದ ಅದನ್ನು ಹೀರಿ, ಸೋಸುಗಾಗದದ ಮೇಲೆ ಕುಳಿತ ಧೂಳನ್ನು ತೂಗುವುದು ಮೊದಲನೆಯದು. ಇದು ಪ್ರತ್ಯಕ್ಷ ಪ್ರಮಾಣವೇನೋ ಸರಿ. ಆದರೆ ಆ ಒಂದು ದಿನದ, ಆ ಒಂದೆರಡು ಗಂಟೆಗಳ ಪ್ರತ್ಯಕ್ಷ. ಪರೀಕ್ಷೆಗೆ ಬರುವವರ ಸುದ್ದಿ ಮುಂಚಿತವಾಗಿ ತಿಳಿದ ಕಡೆ ಬರ್ನರನ್ನು ಒರೆಸಿ ತೊಳೆದು ಸಿದ್ಧಪಡಿಸುವ ಮನುಷ್ಯಸ್ವಭಾವವನ್ನು ಯಾವ ನಳಿಕೆಯೂ ಅಳೆಯಲಾರದು. ಒಳಹೋದ ವಸ್ತುವನ್ನು ತೂಗಿ, ದ್ರವ್ಯವು ನಾಶವಾಗದೆಂಬ ನಿಯಮವನ್ನು ನಂಬಿ, ಹೊರಬಂದುದನ್ನು ಗಣಿಸುವುದು ಎರಡನೆಯದು. ಹಿಂದೆ ಅನೇಕ ಬಾಯ್ಲರುಗಳಲ್ಲಿ ಅಳೆದು ನೋಡಿದವರ ಸರಾಸರಿಯನ್ನು ಕಡ ತಂದು ನಮ್ಮ ಎಣ್ಣೆಯ ಪ್ರಮಾಣದಿಂದ ಗುಣಿಸುವುದು ಮೂರನೆಯದು. ಇಂಥ ಸರಾಸರಿಗಳ ಮಹಾಕೋಶವೊಂದನ್ನು ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯು 1968ರಲ್ಲಿ ಹೊರತಂದಿತು. ಮುಂದೆ ಅಲ್ಲಿಯ ಪರಿಸರ ರಕ್ಷಣಾ ಸಂಸ್ಥೆಯು ಅದನ್ನು ಬೆಳೆಸಿತು. ಎಪಿ-42 ಎಂಬ ನೀರಸವಾದ ಹೆಸರಿನಿಂದ ಅದು ಲೋಕದಾದ್ಯಂತ ಬಳಕೆಯಲ್ಲಿದೆ. ಎಣ್ಣೆಯ ಬಾಯ್ಲರಿನ ಲೆಕ್ಕ ಮಾಡುವವರು ಇಂದಿಗೂ ಬಹುವಾಗಿ ತೆರೆಯುವುದು ಅದರ ಮೊದಲ ಅಧ್ಯಾಯದ ಮೂರನೆಯ ಭಾಗವನ್ನು.

ಲೆಕ್ಕವನ್ನೇ ಮಾಡಿ ನೋಡುವುದು ಮೇಲು. ಗಂಟೆಗೆ ಸುಮಾರು ಒಂದು ಟನ್ನು ಉಗಿ ಕೊಡತಕ್ಕ ಸಾಧಾರಣ ಬಾಯ್ಲರೊಂದನ್ನು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿಯಾದರೂ ಕಲ್ಪಿಸಿಕೊಳ್ಳೋಣ. ಅದು ಗಂಟೆಗೆ 80 ಲೀಟರು ಫರ್ನೇಸ್ ಆಯಿಲನ್ನು ಸುಡುತ್ತ, ದಿನಕ್ಕೆ ಹತ್ತು ಗಂಟೆಯಂತೆ ವರ್ಷದಲ್ಲಿ 300 ದಿನ ನಡೆದರೆ, ಖರ್ಚಾಗುವ ಎಣ್ಣೆ 2,40,000 ಲೀಟರು, ಅಂದರೆ 240 ಕಿಲೋಲೀಟರು. ನಮ್ಮ ದೇಶದ ಮಾನಕವು ಫರ್ನೇಸ್ ಆಯಿಲಿನ ದರ್ಜೆಗನುಸಾರವಾಗಿ ಗಂಧಕವನ್ನು ಶೇಕಡಾ 3.5ರಿಂದ 4.5ರವರೆಗೆ ಸಹಿಸಿಕೊಳ್ಳುವುದು, ನಾವು 3.5 ಎಂದೇ ಹಿಡಿಯೋಣ. ಒಂದು ಕಿಲೋಲೀಟರು ಎಣ್ಣೆಯ ತೂಕ ಸುಮಾರು 950 ಕಿಲೋಗ್ರಾಂ. ಅದರಲ್ಲಿ ಗಂಧಕ 33 ಕಿಲೋಗ್ರಾಮಿಗೆ ಸ್ವಲ್ಪ ಮೇಲೆ. ಗಂಧಕದ ಒಂದು ಪರಮಾಣುವಿನ ತೂಕ 32, ಅದನ್ನು ಕೂಡುವ ಆಮ್ಲಜನಕದ ಎರಡು ಪರಮಾಣುಗಳ ತೂಕವೂ 32. ಆದುದರಿಂದ ಉರಿದ ಗಂಧಕವು ತನ್ನ ಎರಡರಷ್ಟು ತೂಕದ ಡೈಆಕ್ಸೈಡಾಗಿ ಹೊರಡುವುದು: ಕಿಲೋಲೀಟರಿಗೆ 66.5 ಕಿಲೋಗ್ರಾಂ. ಅಮೆರಿಕದ ಕೋಶವನ್ನು ತೆರೆದು, ಅದರ ಪೌಂಡು ಗ್ಯಾಲನ್ನುಗಳನ್ನು ನಮ್ಮ ಅಳತೆಗೆ ತಿರುಗಿಸಿದರೆ, ಗಂಧಕದ ಶೇಕಡಾ ಒಂದೊಂದಕ್ಕೆ 18.8 ಕಿಲೋಗ್ರಾಂ ಎಂದಿದೆ; 3.5ರಿಂದ ಗುಣಿಸಿದರೆ 65.8. ಸಾವಿರಾರು ಮೈಲಿಗಳಾಚೆ ಅಳೆದು ಬರೆದ ಸಂಖ್ಯೆಯೂ ಹೊನ್ನಾಳಿಯ ಶಾಲೆಯಲ್ಲಿ ಪ್ರೌಢ ತರಗತಿಯ ಹುಡುಗಿಯೊಬ್ಬಳು ಪರಮಾಣು ತೂಕದ ಪಟ್ಟಿಯನ್ನಿಟ್ಟುಕೊಂಡು ಹಾಕಬಹುದಾದ ಸಂಖ್ಯೆಯೂ ಹೀಗೆ ಒಂದಕ್ಕೊಂದು ತಗಲಿಕೊಂಡು ನಿಲ್ಲುವುದಕ್ಕೆ ಕಾರಣವೇನೆಂದರೆ, ಇಲ್ಲಿ ಊಹೆಯೆಂಬುದು ಇಲ್ಲವೇ ಇಲ್ಲ. ಒಳಗೆ ಜಮೆಯಾದ ಗಂಧಕವು ಬಹುತೇಕ ಪೂರ್ತಿಯಾಗಿ ಚಿಮಣಿಯ ಬಾಯಲ್ಲಿ ಖರ್ಚಾಗುತ್ತದೆ. ಬರ್ನರು ಒಳ್ಳೆಯದೇ ಇರಲಿ, ಕೆಟ್ಟುದೇ ಇರಲಿ, ಅಟೆಂಡೆಂಟನು ಎಚ್ಚರವಾಗಿರಲಿ, ತೂಕಡಿಸುತ್ತಿರಲಿ, ಈ ಸಂಖ್ಯೆ ಕದಲದು. ವರ್ಷಕ್ಕೆ ಹದಿನಾರು ಟನ್ನಿಗೆ ಸಮೀಪ.

ಹದಿನಾರು ಟನ್ನು ವಿಷಾನಿಲವು ಒಂದು ಸಣ್ಣ ಬಾಯ್ಲರಿನಿಂದ ಹೊರಟರೂ ಅದರ ನೆರೆಯವರಿಗೆ ಹೊಗೆಯೇ ಕಾಣದೆ ಹೋಗಬಹುದು. ಆ ಅನಿಲಕ್ಕೆ ಬಣ್ಣವಿಲ್ಲ. ಪ್ಯಾರಿಸಿನಲ್ಲಿ ಕೃಷಿಯಂತ್ರಗಳ ಪ್ರಾಧ್ಯಾಪಕನಾಗಿದ್ದ ಮ್ಯಾಕ್ಸಿಮಿಲಿಯೆನ್ ರಿಂಗಲ್‌ಮನ್ ಎಂಬಾತನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಬಿಳಿಯ ಹಾಳೆಯ ಮೇಲೆ ಕಪ್ಪು ಗೆರೆಗಳ ಜಾಲವನ್ನು ಕ್ರಮವಾಗಿ ದಟ್ಟಗೊಳಿಸುತ್ತ ಹೋಗಿ, ದೂರದಲ್ಲಿ ನಿಂತು ಹೊಗೆಯ ಕಪ್ಪನ್ನು ಅದರೊಡನೆ ಹೋಲಿಸುವ ಪಟವೊಂದನ್ನು ರಚಿಸಿದನು. ಒಂದನೆಯ ಅಂಕಕ್ಕೆ ಶೇಕಡಾ 20 ಕಪ್ಪು, ಐದನೆಯದಕ್ಕೆ ಪೂರ್ಣ ಕಪ್ಪು. ಇನ್‌ಸ್ಪೆಕ್ಟರುಗಳಿಗೆ ಬಹುಕಾಲ ಉಪಕರಿಸಿದ ಈ ಪಟವು ಮಸಿಯನ್ನು ಹಿಡಿಯಬಲ್ಲುದೇ ಹೊರತು ಗಂಧಕವನ್ನು ಹಿಡಿಯಲಾರದು. ಕರಿಹೊಗೆ ಕಂಡೊಡನೆ ಅರ್ಜಿ ಬರೆಯುವ ನಾವು, ಹೊಗೆ ಕಾಣದ ಕೊಳವೆಯನ್ನು ಸಜ್ಜನನೆಂದು ಬಗೆಯುವುದು ಈ ದೃಷ್ಟಿಯಿಂದ ಅವಿಚಾರವೇ ಸರಿ.

ಮಿಕ್ಕ ಅನಿಲಗಳ ಮಾತು ಬೇರೆ. ಸಾರಜನಕದ ಆಕ್ಸೈಡುಗಳಿಗೆ ಕೋಶವು ಕಿಲೋಲೀಟರಿಗೆ 6.6 ಕಿಲೋಗ್ರಾಂ ಎಂದು ಹೇಳುವುದರಿಂದ ನಮ್ಮ ಬಾಯ್ಲರಿನ ಪಾಲು ವರ್ಷಕ್ಕೆ 1.6 ಟನ್ನು. ಆದರೆ ಇಲ್ಲಿ ಜಮೆಯು ಎರಡು ಕಡೆಯಿಂದ ಬರುವುದು: ಎಣ್ಣೆಯಲ್ಲಿಯೇ ಬಂಧಿತವಾದ ಸಾರಜನಕ ಒಂದು, ಜ್ವಾಲೆಯ ಉಗ್ರತಾಪದಲ್ಲಿ ಗಾಳಿಯ ಸಾರಜನಕವೇ ಆಮ್ಲಜನಕದೊಡನೆ ಕೂಡುವುದು ಇನ್ನೊಂದು. ಹಾಗಾಗಿ ಎಣ್ಣೆಯ ಲೆಕ್ಕವೊಂದರಿಂದಲೇ ಉತ್ತರ ಸಿಕ್ಕದು; ಜ್ವಾಲೆಯ ಆಕಾರ, ಅದಕ್ಕೆ ಕೊಟ್ಟ ಹೆಚ್ಚುವರಿ ಗಾಳಿ, ಕುಲುಮೆಯ ತಾಪ ಎಲ್ಲವೂ ಕೈಹಾಕುವುವು. ಇಂಗಾಲದ ಮೊನಾಕ್ಸೈಡು ಕಿಲೋಲೀಟರಿಗೆ 0.6 ಕಿಲೋಗ್ರಾಂ, ವರ್ಷಕ್ಕೆ 144 ಕಿಲೋಗ್ರಾಂ. ಅದೂ ಬರ್ನರು ಸರಿಯಾಗಿದ್ದರೆ ಮಾತ್ರ. ಧೂಳಿನ ಸೂತ್ರದಲ್ಲಿ ಒಂದು ಕೌತುಕವುಂಟು: ಗಂಧಕದ ಶೇಕಡಾವಾರನ್ನು 1.1ರಿಂದ ಗುಣಿಸಿ 0.39ನ್ನು ಕೂಡಿಸಬೇಕು. ಧೂಳಿಗೂ ಗಂಧಕಕ್ಕೂ ಏನು ನಂಟೆಂದರೆ, ಗಂಧಕ ಹೆಚ್ಚಿದ ಎಣ್ಣೆಯೇ ಸಾಮಾನ್ಯವಾಗಿ ಗಟ್ಟಿಯೆಣ್ಣೆ, ಬೂದಿ ಹೆಚ್ಚಿದ ಎಣ್ಣೆ, ತುಂತುರಾಗಿ ಒಡೆಯದ ಎಣ್ಣೆ. ಒಂದರ ಅಳತೆಯು ಇನ್ನೊಂದರ ಸೂಚಕವಾಗಿದೆ. ನಮ್ಮ ಬಾಯ್ಲರಿನಲ್ಲಿ ಅದು ಕಿಲೋಲೀಟರಿಗೆ 4.2 ಕಿಲೋಗ್ರಾಂ, ವರ್ಷಕ್ಕೆ ಒಂದು ಟನ್ನು. ಇಂಗಾಲದ ಡೈಆಕ್ಸೈಡು 720 ಟನ್ನಿನಷ್ಟು. ಗಂಧಕದಂತೆಯೇ ಎಣ್ಣೆಯೊಳಗಿನ ವಸ್ತುವಿನಿಂದಲೇ ನಿಶ್ಚಿತವಾಗುವ ಈ ಸಂಖ್ಯೆಯ ಬಗ್ಗೆ ವಿವಾದವಿಲ್ಲ.

ಈ ಕೋಶವನ್ನು ರಚಿಸಿದವರು ತಮ್ಮ ಸಂಖ್ಯೆಗಳಿಗೆ ತಾವೇ ಎ ಯಿಂದ ಇ ವರೆಗೆ ದರ್ಜೆ ಕೊಟ್ಟಿರುವುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಅನೇಕ ಬಾಯ್ಲರುಗಳಲ್ಲಿ ಒಳ್ಳೆಯ ಕ್ರಮದಿಂದ ಅಳೆದುದಕ್ಕೆ ಎ. ಒಂದೆರಡು ಕಡೆ ಅರೆಮನಸ್ಸಿನಿಂದ ನೋಡಿದುದಕ್ಕೆ ಇ. ಸರಾಸರಿಯೆಂದ ಮೇಲೆ ಹೆಚ್ಚು ಕಡಮೆ ಅರ್ಧದಷ್ಟು ಬಾಯ್ಲರುಗಳು ಅದಕ್ಕಿಂತ ಹೆಚ್ಚಾಗಿಯೇ ಉಗುಳುವುವೆಂದೂ, ಆದಕಾರಣ ಇಡೀ ಪ್ರಾಂತದ ಮೊತ್ತಕ್ಕೆ ಇದನ್ನು ಬಳಸಬಹುದೇ ಹೊರತು ಒಬ್ಬ ಯಜಮಾನನ ಚಿಮಣಿಯ ಮೇಲೆ ತೀರ್ಪು ಕೊಡುವುದಕ್ಕೆ ಬಳಸುವುದು ತರವಲ್ಲವೆಂದೂ ಅವರು ಪೀಠಿಕೆಯಲ್ಲಿಯೇ ಎಚ್ಚರಿಸಿದ್ದಾರೆ. ಪೀಠಿಕೆಯನ್ನು ಓದುವವರು ವಿರಳ. ನಾಲ್ಕು ದಶಮಾಂಶಗಳವರೆಗೆ ಅಂಕೆಗಳನ್ನು ಇಳಿಸಿ, ಸಾರಜನಕದ ಸಂಖ್ಯೆಯನ್ನೂ ಗಂಧಕದ ಸಂಖ್ಯೆಯನ್ನೂ ಒಂದೇ ಸಾಲಿನಲ್ಲಿ ಒಂದೇ ಗಾಂಭೀರ್ಯದಿಂದ ಮುದ್ರಿಸಿರುವ ವರದಿಯನ್ನು ಕಂಡಾಗ, ನನಗಂತೂ ಅದನ್ನು ಬರೆದವರು ಬಾಯ್ಲರಿನ ಮನೆಯ ಹೊಸ್ತಿಲನ್ನು ತುಳಿದಿಲ್ಲವೆಂದೇ ತೋರುತ್ತದೆ.

ಏಕೆಂದರೆ ಈ ಸಮಸ್ತ ಗಣಿತವೂ ನಿಂತಿರುವುದು ಆ ಮನೆಯ ಮೂಲೆಯಲ್ಲಿ ಒರಗಿಸಿಟ್ಟಿರುವ ಡಿಪ್ ಕಡ್ಡಿಯ ಮೇಲೆ. ಅಂಗುಲ ಸೆಂಟಿಮೀಟರುಗಳ ಗೀರುಗಳು ಜಿಡ್ಡಿನಡಿಯಲ್ಲಿ ಮುಚ್ಚಿಹೋದ ಆ ಉದ್ದನೆಯ ಕಡ್ಡಿಯನ್ನು ಬನಿಯನ್ನಿನ ಚಿಂದಿಯಿಂದ ಒರೆಸಿ, ಟ್ಯಾಂಕಿನ ಬಾಯೊಳಗೆ ಇಳಿಬಿಟ್ಟು, ತಳ ಮುಟ್ಟಿದೊಡನೆ ಎತ್ತಿ, ಎಣ್ಣೆಯ ಗುರುತು ಎಲ್ಲಿಯವರೆಗೆ ಹತ್ತಿದೆಯೆಂದು ನೋಡಿ, ಪಟ್ಟಿಯಲ್ಲಿ ಅದಕ್ಕೆ ಎಷ್ಟು ಲೀಟರೆಂದು ಹುಡುಕಿ, ಲಾಗ್ ಪುಸ್ತಕದಲ್ಲಿ ಬರೆಯುವುದು ಅಟೆಂಡೆಂಟನ ಪಾಳಿಯ ಮೊದಲ ಕೆಲಸ. ಕಡ್ಡಿಯನ್ನು ಸ್ವಲ್ಪ ಓರೆಯಾಗಿ ಇಳಿಸಿದರೆ ಗುರುತು ಮೇಲೇರುವುದು; ತಳದಲ್ಲಿ ಗಸಿಯೂ ನೀರೂ ಸೇರಿದ್ದರೆ ಅವೂ ಎಣ್ಣೆಯೆಂದೇ ಲೆಕ್ಕಕ್ಕೆ ಬರುವುವು; ಉಗಿಯ ಸುರುಳಿಯಿಂದ ಎಣ್ಣೆಯನ್ನು 30 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಿದ್ದರೆ ಅದು ಶೇಕಡಾ ಎರಡರಷ್ಟು ಉಬ್ಬಿ, ಇರುವುದಕ್ಕಿಂತ ಹೆಚ್ಚಾಗಿ ಕಾಣುವುದು. ಟ್ಯಾಂಕರಿನೊಡನೆ ಬಂದ ಪರೀಕ್ಷಾಪತ್ರದಲ್ಲಿ ಗಂಧಕದ ಅಂಕೆಯಿದ್ದರೂ ಅದನ್ನು ಬಿಲ್ಲಿನ ಜತೆ ಕಚೇರಿಯಲ್ಲಿ ಕಟ್ಟಿಟ್ಟುಬಿಡುವುದು ವಾಡಿಕೆ. ಲೆಕ್ಕ ಮಾಡುವವನು ಮಾನಕದ ಪರಮಾವಧಿಯನ್ನೇ ಹಿಡಿದುಕೊಂಡು ಕೂರುವನು. ಒಂದು ವರ್ಷದ ಬಿಲ್ಲುಗಳನ್ನೂ ಪರೀಕ್ಷಾಪತ್ರಗಳನ್ನೂ ಜೋಡಿಸಿ ಓದುವ ಅರ್ಧ ದಿನದ ಕೆಲಸವು, ದುಬಾರಿಯಾದ ಒಂದು ಚಿಮಣಿಪರೀಕ್ಷೆಗಿಂತ ಗಂಧಕದ ವಿಷಯದಲ್ಲಿ ಹೆಚ್ಚು ಸತ್ಯವನ್ನು ಹೇಳುವುದೆಂದು ನನ್ನ ಅಭಿಪ್ರಾಯ.

ಈ ಸಂಖ್ಯೆಯು ಕಾಗದದಲ್ಲಿಯೇ ಉಳಿಯುವಂಥದಲ್ಲ. ಚಿಮಣಿಯು ಎಷ್ಟು ಎತ್ತರವಿರಬೇಕೆಂಬುದನ್ನು ನಮ್ಮ ಮಾಲಿನ್ಯ ನಿಯಂತ್ರಣದ ನಿಯಮಗಳು ಗಂಧಕದ ಡೈಆಕ್ಸೈಡಿನಿಂದಲೇ ಗೊತ್ತುಮಾಡುತ್ತವೆ: ಗಂಟೆಗೆ ಹೊರಡುವ ಕಿಲೋಗ್ರಾಮುಗಳನ್ನು 0.3ರ ಘಾತಕ್ಕೇರಿಸಿ 14ರಿಂದ ಗುಣಿಸಿದರೆ ಎತ್ತರವು ಮೀಟರಿನಲ್ಲಿ ಬರುವುದು. ನಮ್ಮ ಬಾಯ್ಲರಿನದು ಗಂಟೆಗೆ 5.3 ಕಿಲೋಗ್ರಾಂ; ಎತ್ತರ 23 ಮೀಟರು. ಗಂಧಕವು ಅರ್ಧವಾಗಿರುವ ಎಣ್ಣೆಯನ್ನು ತಂದರೆ ಎತ್ತರವೂ ಅರ್ಧವಾಗುವುದೆಂದು ತಿಳಿಯುವವರು ನಿರಾಶರಾಗುವರು. ಸೂತ್ರವು 19 ಮೀಟರೆಂದು ಹೇಳುತ್ತದೆ. ಅಂತೆಯೇ ಉಗಿಯ ಬೇಡಿಕೆ ಹೆಚ್ಚಿ ಎಣ್ಣೆಯ ಖರ್ಚು ಇಮ್ಮಡಿಯಾದರೂ ಕೊಳವೆಗೆ ಕೂಡಿಸಬೇಕಾದುದು ಕಾಲುಪಾಲಿಗೂ ಕಡಮೆ. ಎತ್ತರದ ಚಿಮಣಿಯು ಅನಿಲವನ್ನು ಕಡಮೆ ಮಾಡುವುದಿಲ್ಲ, ದೂರಕ್ಕೆ ಹಂಚುತ್ತದೆ, ಅಷ್ಟೆ. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಬೀಸುವಾಗ ದಾವಣಗೆರೆಯಿಂದ ಮೂಡಣಕ್ಕಿರುವ ಜಗಳೂರು ಆ ಹಂಚಿಕೆಯ ದಾರಿಯಲ್ಲಿರುವುದು. ತಾನು ಮಾಡದ ಹೊಗೆಯಲ್ಲಿ ಪಾಲು ಪಡೆಯುವ ಸೀಮೆಗಳು ಎಲ್ಲ ಜಿಲ್ಲೆಗಳಲ್ಲಿಯೂ ಉಂಟು.

ಮೂಲದಲ್ಲಿಯೇ ಗಂಧಕವನ್ನು ತೆಗೆಯುವುದೊಂದೇ ನೇರವಾದ ಉಪಾಯವೆಂಬುದನ್ನು ತೋರಿಸಲು ಇನ್ನೊಂದು ಗುಣಾಕಾರ ಸಾಕು. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಮಾರಾಟಕ್ಕೆ ಬಂದ ಬಿಎಸ್-6 ಡೀಸಲ್ಲಿನಲ್ಲಿ ಗಂಧಕವು ಹತ್ತು ಲಕ್ಷಕ್ಕೆ ಹತ್ತು ಪಾಲು ಮಾತ್ರ. ಅದರ ಒಂದು ಕಿಲೋಲೀಟರನ್ನು ಸುಟ್ಟರೆ ಹೊರಡುವ ಗಂಧಕದ ಡೈಆಕ್ಸೈಡು 17 ಗ್ರಾಂ. ಫರ್ನೇಸ್ ಆಯಿಲಿನದು 66 ಕಿಲೋಗ್ರಾಂ. ಒಂದೇ ದೇಶದ ಒಂದೇ ಸಂಸ್ಕರಣಾಗಾರದಿಂದ ಹೊರಟ ಎರಡು ಎಣ್ಣೆಗಳ ನಡುವೆ ನಾಲ್ಕು ಸಾವಿರ ಪಟ್ಟು ಅಂತರ! ಲಾರಿಯ ಹಿಂಬದಿಯ ಕೊಳವೆಯನ್ನು ಕಾಯುವುದರಲ್ಲಿ ತೋರಿದ ಆಸ್ಥೆಯನ್ನು ಬಾಯ್ಲರಿನ ವಿಷಯದಲ್ಲಿ ನಾವು ತೋರಲಿಲ್ಲ. ದೆಹಲಿಯ ಸುತ್ತಣ ಉತ್ತರಪ್ರದೇಶ, ಹರಿಯಾಣ, ರಾಜಸ್ಥಾನಗಳ ಕಾರ್ಖಾನೆಗಳಲ್ಲಿ ಫರ್ನೇಸ್ ಆಯಿಲನ್ನೂ ಕಚ್ಚಾ ತೈಲದ್ದೇ ಘನಶೇಷವಾದ ಪೆಟ್‌ಕೋಕನ್ನೂ ಸುಡಕೂಡದೆಂದು ಸುಪ್ರೀಂ ಕೋರ್ಟು 2017ರಲ್ಲಿ ತಡೆದಾಗ ಈ ಅಂತರವು ಮೊದಲ ಬಾರಿಗೆ ಸಾರ್ವಜನಿಕರ ಕಿವಿಗೆ ಬಿದ್ದಿತೆನ್ನಬಹುದು.

ಆದರೆ ಎಣ್ಣೆಯನ್ನು ಬಿಟ್ಟು ಹೊಟ್ಟಿಗೆ ಬಂದೊಡನೆ ಖಾತೆಯು ಚೊಕ್ಕಟವಾಗುವುದೆಂದು ಭಾವಿಸತಕ್ಕದ್ದಲ್ಲ. ಭತ್ತದ ಹೊಟ್ಟಿನಲ್ಲಿ ಗಂಧಕವು ನಗಣ್ಯ. ಬೂದಿಯಾದರೋ ಶೇಕಡಾ 15ರಿಂದ 20. ಹೊಟ್ಟಿನ ಶಾಖವು ಎಣ್ಣೆಯ ಮೂರನೆಯ ಒಂದು ಪಾಲಿನಷ್ಟಾದ ಕಾರಣ, ನಮ್ಮ ಕಲ್ಪನೆಯ ಬಾಯ್ಲರಿನ 228 ಟನ್ನು ಎಣ್ಣೆಗೆ ಬದಲಾಗಿ 700 ಟನ್ನಿಗೆ ಸಮೀಪವಾದಷ್ಟು ಹೊಟ್ಟು ಬೇಕು. ಅದು ಬಿಡುವ ಬೂದಿ ನೂರು ಟನ್ನನ್ನು ಮೀರುವುದು. ಅದರಲ್ಲಿ ನೂರಕ್ಕೆ ಐದೇ ಪಾಲು, ಹೊಗೆಯನ್ನು ಸುತ್ತಿಸಿ ಧೂಳನ್ನು ಬೇರ್ಪಡಿಸುವ ಸೈಕ್ಲೋನನ್ನು ತಪ್ಪಿಸಿಕೊಂಡು ಮೇಲೇರಿತೆಂದರೂ, ಎಣ್ಣೆಯ ಒಂದು ಟನ್ನು ಧೂಳಿಗೆ ಪ್ರತಿಯಾಗಿ ಐದು ಟನ್ನು ಧೂಳು. ಎಷ್ಟು ಪಾಲು ತಪ್ಪಿಸಿಕೊಳ್ಳುವುದೆಂಬುದು ಸೈಕ್ಲೋನಿನ ಆರೋಗ್ಯವನ್ನೂ ತಳದ ಬೂದಿಯನ್ನು ಹೊತ್ತಿಗೆ ಸರಿಯಾಗಿ ತೆಗೆಯುವುದನ್ನೂ ಅವಲಂಬಿಸಿರುವ ಕಾರಣ, ಇಲ್ಲಿ ಬಿಲ್ಲನ್ನು ಓದಿ ಪ್ರಯೋಜನವಿಲ್ಲ. ಚಿಮಣಿಯನ್ನು ಹತ್ತಿಯೇ ತೀರಬೇಕು. ದಾವಣಗೆರೆಯ ತೊಂದರೆಯು ಗಂಧಕವಲ್ಲ, ಧೂಳು ಎಂಬುದನ್ನು ನೆನೆದಾಗ, ಸುಲಭವಾದ ಲೆಕ್ಕವು ಎಣ್ಣೆಯಲ್ಲಿಯೂ ಅವಶ್ಯವಾದ ಲೆಕ್ಕವು ಹೊಟ್ಟಿನಲ್ಲಿಯೂ ಇರುವುದು ಸ್ಪಷ್ಟವಾಗುವುದು.

ಇನ್ನು ಚನ್ನಗಿರಿ ನ್ಯಾಮತಿಗಳ ಅಡಿಕೆಯ ಒಲೆಗಳು. ಮಳೆಗಾಲದ ಕೊನೆಯಿಂದ ಆರಂಭವಾಗಿ ತಿಂಗಳುಗಟ್ಟಲೆ, ಸುಲಿದ ಹಸಿರಡಿಕೆಯನ್ನು ಚೊಗರು ಬೆರೆತ ನೀರಿನಲ್ಲಿ ಕುದಿಸುವ ಈ ಹಂಡೆಗಳಿಗೆ ಬಾಯ್ಲರಿನ ಕಾಯಿದೆಯೂ ಅನ್ವಯಿಸದು, 1981ರ ವಾಯು ಕಾಯಿದೆಯ ಸಮ್ಮತಿಪತ್ರವೂ ಬೇಡ. ಸುಲಿದ ಸಿಪ್ಪೆಯನ್ನು ದಾರಿಯ ಮಗ್ಗುಲಿಗೆ ಸುರಿದು ಬೆಂಕಿಯಿಟ್ಟರೆ ಅದು ಉರಿಯದೆ, ಆರದೆ, ದಿನಗಟ್ಟಲೆ ಹೊಗೆಯಾಡುವುದು ಆ ಸೀಮೆಯಲ್ಲಿ ಬಸ್ಸು ಹತ್ತಿದವರಿಗೆಲ್ಲ ಗೊತ್ತು. ಇದನ್ನು ಖಾತೆಗೆ ತರುವುದು ಅಸಾಧ್ಯವೇನಲ್ಲ. ಎಷ್ಟು ಕ್ವಿಂಟಲು ಅಡಿಕೆ ಮಾರಾಟಕ್ಕೆ ಬಂದಿತೆಂಬುದು ತುಮ್ಕೋಸಿನಂಥ ಸಹಕಾರ ಸಂಘಗಳ ಪುಸ್ತಕದಲ್ಲಿರುವುದು. ಕ್ವಿಂಟಲಿಗೆ ಎಷ್ಟು ಸೌದೆ ಉರಿಯುವುದೆಂದು, ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ನಾಲ್ಕಾರು ಚೇಣಿದಾರರ ಕಣದಲ್ಲಿ ತಕ್ಕಡಿಯಿಟ್ಟು ತೂಗಿ, ಎಷ್ಟು ಸಿಪ್ಪೆ ಗೊಬ್ಬರಕ್ಕೆ ಹೋಯಿತು, ಎಷ್ಟು ಬೆಂಕಿಗೆ ಬಿದ್ದಿತು ಎಂದು ಅವರನ್ನೇ ಕೇಳಿ, ಗುಣಿಸಬೇಕು. ವಿಧಾನವು ಎಣ್ಣೆಯ ಬಾಯ್ಲರಿನದೇ. ಮೊದಲ ವರ್ಷ ಬರುವ ಸಂಖ್ಯೆಗೆ ಕೋಶದವರ ಅಳತೆಯಲ್ಲಿ ಇ ದರ್ಜೆಯೇ ಸಿಕ್ಕೀತು. ಇನ್ನೆರಡು ಕೊಯ್ಲು ಬಿಡದೆ ತೂಗಿದರೆ ಡಿ ಅಥವಾ ಸಿ ಆಗಬಹುದು.